ದೊಡ್ಡ ಸಂಸ್ಥೆ ಕ್ಲೌಡ್‌ಗೆ ಹೋಗುವ ಬಗೆ: ಹುಬ್ಬಳ್ಳಿ-ಧಾರವಾಡದ ಉದ್ಯಮಗಳಿಗೊಂದು ಸಮಗ್ರ ಮಾರ್ಗದರ್ಶಿ

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ಈಗ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ‘ನಾವು ಪಬ್ಲಿಕ್ ಕ್ಲೌಡ್‌ಗೆ ಹೋಗೋಣವೋ, ಪ್ರೈವೇಟ್ ಕ್ಲೌಡ್ ಕಟ್ಟಿಕೊಳ್ಳೋಣವೋ?’ ಕ್ಲೌಡ್ ಎಂದರೆ ಸರ್ವರ್‌ಗಳ ಶಕ್ತಿಯನ್ನು ಜಾಲದ ಮೂಲಕ ಬೇಕಾದಾಗ ಬೇಕಾದಷ್ಟು ಪಡೆಯುವ ವ್ಯವಸ್ಥೆ. ಆದರೆ ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಇಡೀ ಸಂಸ್ಥೆಯನ್ನು ಒಂದೇ ಮೂಟೆ ಕಟ್ಟಿ ತೂಗುವ ಪ್ರಶ್ನೆ ಅದು. ತೀರ್ಮಾನವಾಗಬೇಕಾದದ್ದು ಒಂದೊಂದು ತಂತ್ರಾಂಶದ ಬಗ್ಗೆ: ವೇತನಪಟ್ಟಿ ಎಲ್ಲಿರಬೇಕು, ಯಂತ್ರ ನಿಯಂತ್ರಣ ಎಲ್ಲಿರಬೇಕು, ಡೀಲರ್‌ಗಳ ಪೋರ್ಟಲ್ ಎಲ್ಲಿರಬೇಕು. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಹಾಗೆ ಬಂದ ಉತ್ತರಗಳನ್ನೆಲ್ಲ ಕೂಡಿಸಿದಾಗ ಸಿಗುವುದು ಸಾಮಾನ್ಯವಾಗಿ ಮಿಶ್ರ ವ್ಯವಸ್ಥೆ, ಅಂದರೆ ಹೈಬ್ರಿಡ್.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಾಲ್ಪನಿಕ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಅದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತದೆ, ತಾರಿಹಾಳದ ಘಟಕದಲ್ಲಿ ಬಣ್ಣದ ಸಾರವಾದ ಓಲಿಯೊರೆಸಿನ್ ತೆಗೆದು ರಫ್ತು ಮಾಡುತ್ತದೆ. ಗದಗದಲ್ಲಿ ಗೋದಾಮು, ಹಾವೇರಿ ಜಿಲ್ಲೆಯಲ್ಲಿ ಶೀತಲಗೃಹ, ಒಟ್ಟು 1,500 ನೌಕರರು. ಈ ಮಾರ್ಗದರ್ಶಿಯ ಉದಾಹರಣೆಗಳೆಲ್ಲ ಈ ಸಂಸ್ಥೆಯವೇ.

ಮೊದಲು ಎರಡು ವ್ಯಾಖ್ಯೆ

ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಎಲ್ಲರೂ ಹಿಡಿಯುತ್ತಾರೆ. ಅದರ ಪ್ರಕಾರ ಕ್ಲೌಡ್‌ಗೆ ಐದು ಲಕ್ಷಣಗಳಿರಬೇಕು: ಬೇಕೆಂದಾಗ ತಾವೇ ಪಡೆಯುವ ಅವಕಾಶ, ಜಾಲದ ಮೂಲಕ ಪ್ರವೇಶ, ಹಲವರ ನಡುವೆ ಹಂಚಿಕೊಂಡ ಸಂಪನ್ಮೂಲ, ಬೇಗ ಹಿಗ್ಗಿ ಕುಗ್ಗುವ ಗುಣ, ಅಳತೆಗೆ ತಕ್ಕ ಲೆಕ್ಕ. ಈ ಐದೂ ಇದ್ದು, ಸೌಲಭ್ಯ ಎಲ್ಲರಿಗೂ ತೆರೆದಿದ್ದರೆ ಅದು ಪಬ್ಲಿಕ್. ಒಂದೇ ಸಂಸ್ಥೆಗೆ ಮೀಸಲಾಗಿದ್ದರೆ ಪ್ರೈವೇಟ್.

ಪ್ರೈವೇಟ್ ಕ್ಲೌಡ್‌ಗೂ ಈ ಐದೂ ಲಕ್ಷಣಗಳು ಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ. ಕಚೇರಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಸರ್ವರ್ ಇಟ್ಟು, ಅವುಗಳ ಮೇಲೆ ವರ್ಚುವಲ್ ಯಂತ್ರಗಳನ್ನು (ಒಂದೇ ಸರ್ವರಿನೊಳಗೆ ತಂತ್ರಾಂಶದಿಂದ ರೂಪಿಸಿದ ಬೇರೆ ಬೇರೆ ಕಂಪ್ಯೂಟರುಗಳನ್ನು) ಓಡಿಸಿದ ಮಾತ್ರಕ್ಕೆ ಅದು ಕ್ಲೌಡ್ ಆಗುವುದಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಹೊಸ ಯಂತ್ರ ಬೇಕಾದಾಗ ಇ-ಮೇಲ್ ಕಳಿಸಿ, ಮ್ಯಾನೇಜರ್ ಸಹಿ ಹಾಕಿಸಿ, ವಾರಗಟ್ಟಲೆ ಕಾಯಬೇಕಾದರೆ ಅದು ಹಳೆಯ ಸರ್ವರ್ ಕೋಣೆಯೇ, ಹೆಸರು ಮಾತ್ರ ಹೊಸದು.

ನಿಸ್ಟ್ ಹೇಳುವ ಇನ್ನೊಂದು ಬಗೆ ಸಮುದಾಯ ಕ್ಲೌಡ್. ಒಂದೇ ರೀತಿಯ ಅಗತ್ಯವಿರುವ ಹಲವು ಸಂಸ್ಥೆಗಳು ಸೇರಿ ಅದನ್ನು ಬಳಸುತ್ತವೆ. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ಗದಗ ಸೀಮೆಗೆ ಈ ಕಲ್ಪನೆ ಹೊಸದಾಗಿ ಕಾಣಬೇಕಾಗಿಲ್ಲ. ಸಣ್ಣ ಸಹಕಾರಿ ಬ್ಯಾಂಕುಗಳು, ಹಾಲು ಒಕ್ಕೂಟಗಳು ಇದನ್ನು ಗಂಭೀರವಾಗಿ ನೋಡಬಹುದು. ನಮ್ಮ ಉದಾಹರಣೆಯ ಸಂಸ್ಥೆಗೆ ಇದು ಸಲ್ಲದ ಕಾರಣ ಮುಂದೆ ಹೋಗೋಣ.

ಒಂದನೆಯ ಹೆಜ್ಜೆ: ಕಾರಣವನ್ನು ಒಂದು ಪುಟದಲ್ಲಿ ಬರೆಯಿರಿ

ಮಾರಾಟಗಾರರ ಸ್ಲೈಡುಗಳನ್ನು ನೋಡುವ ಮೊದಲೇ ಈ ಪುಟ ಸಿದ್ಧವಾಗಿರಲಿ. ‘ನಮ್ಮ ಸರ್ವರ್‌ಗಳ ಖಾತರಿ ಅವಧಿ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ’, ‘ಸುಗ್ಗಿಯಲ್ಲಿ ಖರೀದಿ ತಂತ್ರಾಂಶ ನಿಂತುಹೋಗುತ್ತದೆ’, ‘ವಿದೇಶಿ ಗ್ರಾಹಕರು ಭದ್ರತಾ ಪ್ರಮಾಣಪತ್ರ ಕೇಳುತ್ತಿದ್ದಾರೆ’. ಇವು ಅಳೆಯಬಹುದಾದ ಕಾರಣಗಳು. ‘ಡಿಜಿಟಲ್ ಪರಿವರ್ತನೆ’ ಎಂಬುದು ಕಾರಣವಲ್ಲ. ‘ಖರ್ಚು ಕಡಿಮೆಯಾಗುತ್ತದೆ’ ಎಂದು ಬರೆಯುವುದಾದರೆ ಈಗಿನ ಖರ್ಚು ಎಷ್ಟೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹೆಚ್ಚಿನ ಸಂಸ್ಥೆಗಳಿಗೆ ಆ ಅಂಕಿ ಗೊತ್ತಿರುವುದಿಲ್ಲ, ಏಕೆಂದರೆ ಸರ್ವರ್ ಕೋಣೆಯ ಕರೆಂಟ್ ಬಿಲ್ಲು ಕಾರ್ಖಾನೆಯ ಬಿಲ್ಲಿನಲ್ಲಿ ಕಲೆತುಹೋಗಿರುತ್ತದೆ.

ಕಾಲದ ಅಂದಾಜನ್ನೂ ಇದೇ ಪುಟದಲ್ಲಿ ಬರೆಯಿರಿ. ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆ 2008ರಲ್ಲಿ ಡೇಟಾಬೇಸ್ ಕೆಟ್ಟು ಕಂಗೆಟ್ಟ ಮೇಲೆ ಅಮೆಜಾನ್ ಕ್ಲೌಡ್‌ಗೆ ಹೊರಟಿತು. ಪೂರ್ತಿ ತಲುಪಿದ್ದು 2016ರ ಜನವರಿಯಲ್ಲಿ. ‘ಮೂರು ತಿಂಗಳಲ್ಲಿ ಎಲ್ಲವನ್ನೂ ಎತ್ತಿಡುತ್ತೇವೆ’ ಎನ್ನುವ ಗುತ್ತಿಗೆದಾರರ ಮುಂದೆ ಈ ಎರಡು ಇಸವಿಗಳನ್ನು ಹೇಳಿ ನೋಡಿ.

ಎರಡನೆಯ ಹೆಜ್ಜೆ: ಖಾನೇಷುಮಾರಿ

ಇಡೀ ಯೋಜನೆಯ ಯಶಸ್ಸು ಈ ಹೆಜ್ಜೆಯ ಮೇಲೆ ನಿಂತಿದೆ. ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ.

ಒಂದು ದೊಡ್ಡ ಪಟ್ಟಿ ಮಾಡಿ. ಪ್ರತಿ ತಂತ್ರಾಂಶಕ್ಕೂ ಒಂದು ಸಾಲು. ಯಾವ ಸರ್ವರ್ ಮೇಲೆ ಓಡುತ್ತದೆ, ಯಾವ ವಿಭಾಗದ ಯಾರು ಅದರ ಹೊಣೆಗಾರರು, ಎಷ್ಟು ಜನ ಯಾವ ಹೊತ್ತಿನಲ್ಲಿ ಬಳಸುತ್ತಾರೆ, ಯಾವ ಬೇರೆ ತಂತ್ರಾಂಶಗಳೊಡನೆ ಮಾತಾಡುತ್ತದೆ, ಪರವಾನಗಿಯ ಷರತ್ತೇನು, ಅದರೊಳಗೆ ಯಾವ ಬಗೆಯ ಮಾಹಿತಿ ಇದೆ, ಇವೆಲ್ಲ ಕಾಲಂಗಳು. ಇನ್ನೆರಡು ಕಾಲಂಗಳು ವ್ಯವಹಾರದವರೇ ತುಂಬಬೇಕಾದವು: ಇದು ನಿಂತರೆ ಎಷ್ಟು ಹೊತ್ತು ತಾಳಿಕೊಳ್ಳಬಹುದು, ಮತ್ತು ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಸಹಿಸಬಹುದು. ಮೊದಲನೆಯದನ್ನು ಆರ್‌ಟಿಒ, ಎರಡನೆಯದನ್ನು ಆರ್‌ಪಿಒ ಎನ್ನುತ್ತಾರೆ. ಇವನ್ನು ಐಟಿ ವಿಭಾಗದವರೇ ಊಹಿಸಿ ಬರೆದರೆ ಎಲ್ಲದಕ್ಕೂ ‘ಸೊನ್ನೆ’ ಎಂದು ಬರೆಯುತ್ತಾರೆ, ಮತ್ತು ಸೊನ್ನೆಯ ಬೆಲೆ ವಿಪರೀತ.

ಪಟ್ಟಿಗೆ ಸಿಗದೆ ಅಡಗಿ ಕೂತಿರುವವೇ ಮುಂದೆ ಕಾಡುತ್ತವೆ. ಪ್ರಯೋಗಾಲಯದ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ, ಮೆಣಸಿನಕಾಯಿಯ ಬಣ್ಣದ ಮೌಲ್ಯವನ್ನು ದಾಖಲಿಸುವ, ಎಂದೋ ಬಿಟ್ಟುಹೋದ ನೌಕರರೊಬ್ಬರು ಬರೆದ ಪುಟ್ಟ ಡೇಟಾಬೇಸ್ ಇರುತ್ತದೆ. ರಫ್ತಿನ ಪ್ರಮಾಣಪತ್ರ ಅದರಿಂದಲೇ ಹೊರಡುತ್ತದೆ. ಖರೀದಿ ವಿಭಾಗದ ಎಕ್ಸೆಲ್ ಕಡತವೊಂದು ಫೈಲ್ ಸರ್ವರಿನ ನಿರ್ದಿಷ್ಟ ವಿಳಾಸದಿಂದ ನಿತ್ಯ ಬೆಳಗ್ಗೆ ದರ ಎಳೆದುಕೊಳ್ಳುತ್ತದೆ. ಸರ್ವರ್ ಸ್ಥಳಾಂತರವಾದ ದಿನ ಇವು ಸದ್ದಿಲ್ಲದೆ ನಿಲ್ಲುತ್ತವೆ, ಮತ್ತು ಯಾರಿಗೂ ಕಾರಣ ಹೊಳೆಯುವುದಿಲ್ಲ. ಆದ್ದರಿಂದ ಜನರನ್ನು ಕೇಳುವುದರ ಜೊತೆಗೆ ಜಾಲದ ಸಂಚಾರವನ್ನೂ ದಾಖಲಿಸಿ: ಯಾವ ಯಂತ್ರ ಯಾವುದರೊಡನೆ ಮಾತಾಡುತ್ತದೆ ಎಂಬುದನ್ನು ಕನಿಷ್ಠ ಒಂದು ಪೂರ್ತಿ ತಿಂಗಳು. ತಿಂಗಳ ಕೊನೆಯ ಲೆಕ್ಕ, ವೇತನ, ಜಿಎಸ್‌ಟಿ ಸಲ್ಲಿಕೆ ಎಲ್ಲವೂ ಆ ಅವಧಿಯೊಳಗೆ ಒಮ್ಮೆಯಾದರೂ ನಡೆಯಬೇಕು.

ಮೂರನೆಯ ಹೆಜ್ಜೆ: ಪ್ರತಿಯೊಂದಕ್ಕೂ ಒಂದು ಗತಿ

ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ತೀರ್ಪು ಬರೆಯಿರಿ. ಕೆಲವನ್ನು ಮುಚ್ಚಬೇಕು, ಯಾರೂ ಬಳಸದ ತಂತ್ರಾಂಶಗಳು ಯಾವ ದೊಡ್ಡ ಸಂಸ್ಥೆಯಲ್ಲೂ ಇದ್ದೇ ಇರುತ್ತವೆ, ಮತ್ತು ಅವನ್ನು ಮುಚ್ಚುವುದೇ ಅತ್ಯಂತ ಅಗ್ಗದ ವಲಸೆ. ಕೆಲವನ್ನು ಇದ್ದಲ್ಲೇ ಬಿಡಬೇಕು. ಕೆಲವನ್ನು ಇದ್ದ ಹಾಗೆಯೇ ಎತ್ತಿ ಕ್ಲೌಡಿನ ವರ್ಚುವಲ್ ಯಂತ್ರದ ಮೇಲೆ ಇಡಬಹುದು. ಕೆಲವಕ್ಕೆ ಸಣ್ಣ ಬದಲಾವಣೆ ಸಾಕು, ಉದಾಹರಣೆಗೆ ತಾವೇ ನಿಭಾಯಿಸುತ್ತಿದ್ದ ಡೇಟಾಬೇಸನ್ನು ಕ್ಲೌಡ್ ಕಂಪನಿ ನಿಭಾಯಿಸುವ ಡೇಟಾಬೇಸ್ ಸೇವೆಗೆ ಬದಲಿಸುವುದು. ಇ-ಮೇಲ್, ರಜೆ ಅರ್ಜಿ, ಪ್ರಯಾಣ ಭತ್ಯೆಯಂಥವನ್ನು ಬಿಟ್ಟು, ಚಂದಾ ಕಟ್ಟಿ ಬಳಸುವ ಸಿದ್ಧ ಸೇವೆ ಕೊಳ್ಳುವುದು ಒಳಿತು. ತೀರ ಕೆಲವನ್ನು ಮಾತ್ರ ಬುಡದಿಂದ ತಿರುಗಿ ಬರೆಯಬೇಕು.

ಇದ್ದ ಹಾಗೆಯೇ ಎತ್ತಿಡುವುದನ್ನು ತಜ್ಞರು ಹೀಗಳೆಯುವುದುಂಟು. ನನ್ನ ಅಭಿಪ್ರಾಯದಲ್ಲಿ ಖಾತರಿ ಮುಗಿಯುವ ದಿನ ಹತ್ತಿರವಿದ್ದಾಗ ಅದು ಸರಿಯಾದ ದಾರಿ. ತಿರುಗಿ ಬರೆಯುವ ಆಸೆಯಿಂದ ಇಡೀ ಯೋಜನೆಯನ್ನು ಎರಡು ವರ್ಷ ಎಳೆಯುವುದಕ್ಕಿಂತ ಇದು ಮೇಲು. ಆದರೆ ಎತ್ತಿಟ್ಟ ಮೇಲೆ ಅಳತೆ ತಗ್ಗಿಸುವ ಕೆಲಸ ಬಾಕಿ ಇರುತ್ತದೆ ಎಂಬುದನ್ನು ದಾಖಲೆಯಲ್ಲಿ ಬರೆದಿಡಿ. ಇಲ್ಲವಾದರೆ ಹಳೆಯ ಸರ್ವರಿನ ಗಾತ್ರಕ್ಕೇ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತ ಕೂರುತ್ತೀರಿ.

ನಾಲ್ಕನೆಯ ಹೆಜ್ಜೆ: ಪಬ್ಲಿಕ್ಕೋ ಪ್ರೈವೇಟೋ, ಹೊರೆಯ ಆಕಾರ ನೋಡಿ

ಹುಬ್ಬಳ್ಳಿಯ ಸಾರಿಗೆ ಉದ್ಯಮದವರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ: ವರ್ಷವಿಡೀ ಇರುವ ಸರಕಿಗೆ ಸ್ವಂತ ಲಾರಿ, ಸುಗ್ಗಿಯ ಹೆಚ್ಚುವರಿಗೆ ಬಾಡಿಗೆ ಲಾರಿ. ಕಂಪ್ಯೂಟರಿನ ಹೊರೆಗೂ ಅದೇ ಲೆಕ್ಕ ನಡೆಯುತ್ತದೆ.

ನಮ್ಮ ಸಂಸ್ಥೆಯ ಖರೀದಿ ತಂತ್ರಾಂಶವನ್ನು ತೆಗೆದುಕೊಳ್ಳಿ. ಬ್ಯಾಡಗಿಯಲ್ಲಿ ವ್ಯಾಪಾರದ ದಿನಗಳು ಸೋಮವಾರ ಮತ್ತು ಗುರುವಾರ. ಸುಗ್ಗಿಯಲ್ಲಿ ಆವಕ ಲಕ್ಷ ಚೀಲ ದಾಟುವ ದಿನಗಳಿವೆ. ಆ ದಿನಗಳಲ್ಲಿ ಟೆಂಡರ್ ದರ, ತೂಕ, ಚೀಲದ ಲೆಕ್ಕ, ದಲಾಲರ ಪಾವತಿ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಸುಗ್ಗಿಯನ್ನು 20 ವಾರ, ವಾರಕ್ಕೆ ಎರಡು ದಿನ, ದಿನಕ್ಕೆ 12 ಗಂಟೆ ಎಂದು ಹಿಡಿದರೆ ಗರಿಷ್ಠ ಹೊರೆ ಬರುವುದು ವರ್ಷಕ್ಕೆ 480 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಅಂದರೆ ಶೇ 5.5ರಷ್ಟು ಹೊತ್ತಿಗಾಗಿ ದೊಡ್ಡ ಸರ್ವರ್ ಕೊಂಡು ಉಳಿದ ಕಾಲ ಅದನ್ನು ಬಹುತೇಕ ಸುಮ್ಮನೆ ಓಡಿಸಿದಂತೆ. ಇಂಥ ಹೊರೆ ಪಬ್ಲಿಕ್ ಕ್ಲೌಡ್‌ಗೆ ಹೇಳಿ ಮಾಡಿಸಿದ್ದು. ಡೀಲರ್ ಪೋರ್ಟಲ್, ವಿದೇಶಿ ಗ್ರಾಹಕರು ನೋಡುವ ಜಾಲತಾಣ, ಪರೀಕ್ಷಾರ್ಥ ಯಂತ್ರಗಳು, ಬ್ಯಾಕಪ್‌ನ ದೂರದ ಪ್ರತಿ ಇವಕ್ಕೂ ಅದೇ ಜಾಗ.

ಇನ್ನೊಂದು ತುದಿಯಲ್ಲಿ ಘಟಕದ ಯಂತ್ರ ನಿಯಂತ್ರಣ ವ್ಯವಸ್ಥೆ ಇದೆ. ದ್ರಾವಕ ಬಳಸಿ ಸಾರ ತೆಗೆಯುವ ಕಾರ್ಖಾನೆಯಲ್ಲಿ ಉಷ್ಣತೆ, ಒತ್ತಡಗಳ ನಿಯಂತ್ರಣ ಹೊರಗಿನ ಜಾಲವನ್ನು ನೆಚ್ಚಿಕೊಳ್ಳುವುದು ಅಪಾಯ. ಅದು ಸ್ಥಳದಲ್ಲೇ ಇರಬೇಕು, ಚರ್ಚೆಯಿಲ್ಲ. ಅದರಿಂದ ಬರುವ ಅಂಕಿಗಳ ಪ್ರತಿ ಮಾತ್ರ ವಿಶ್ಲೇಷಣೆಗೆ ಹೊರಗೆ ಹೋಗಬಹುದು, ಒಂದೇ ದಿಕ್ಕಿನಲ್ಲಿ. ಸಿಸಿಟಿವಿ ದೃಶ್ಯಗಳೂ ಹೀಗೆಯೇ. ಹಗಲಿರುಳು ಹರಿಯುವ ಅಷ್ಟು ವಿಡಿಯೊವನ್ನು ಮುಂಬೈಯ ಕ್ಲೌಡ್ ಕೇಂದ್ರಕ್ಕೆ ಕಳಿಸಿ ಕೂಡಿಡುವುದರಲ್ಲಿ ಅರ್ಥವಿಲ್ಲ.

ಕಷ್ಟವಿರುವುದು ನಡುವಿನವುಗಳಲ್ಲಿ: ವರ್ಷವಿಡೀ ಒಂದೇ ಸಮನೆ ಓಡುವ ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನು ಒಟ್ಟಿಗೆ ನಿಭಾಯಿಸುವ ತಂತ್ರಾಂಶ), ಅದರ ಡೇಟಾಬೇಸ್, ಫೈಲ್ ಸರ್ವರ್. ಇಲ್ಲಿ ಪ್ರೈವೇಟ್ ಅಗ್ಗವಾಗಬಹುದು, ಆದರೆ ಲೆಕ್ಕವನ್ನು ಪೂರ್ತಿ ಮಾಡಿದರೆ ಮಾತ್ರ. ಸರ್ವರುಗಳು 10 ಕಿಲೋವ್ಯಾಟ್ ಎಳೆಯುತ್ತವೆ ಎಂದುಕೊಳ್ಳಿ. ತಂಪುಗೊಳಿಸುವಿಕೆ ಮತ್ತು ಯುಪಿಎಸ್ ನಷ್ಟ ಸೇರಿ ಅದು 17 ಕಿಲೋವ್ಯಾಟ್ ಆಗುತ್ತದೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 1.49 ಲಕ್ಷ ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದರೂ ಸುಮಾರು 12 ಲಕ್ಷ ರೂಪಾಯಿ. ಇದಕ್ಕೆ ಜನರೇಟರ್, ಡೀಸೆಲ್, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಯುಪಿಎಸ್ ಬ್ಯಾಟರಿ, ಬೆಂಕಿ ನಂದಿಸುವ ವ್ಯವಸ್ಥೆ ಸೇರಿಸಿ. ಒಂದು ಸರ್ವರ್ ಕೆಟ್ಟರೂ ಕೆಲಸ ನಡೆಯಬೇಕೆಂದರೆ ಬೇಕಾದ್ದಕ್ಕಿಂತ ಒಂದು ಹೆಚ್ಚು ಕೊಳ್ಳಬೇಕು. ಹಗಲಿರುಳು ನೋಡಿಕೊಳ್ಳಲು ವಾರದ 168 ಗಂಟೆಯನ್ನು ಒಬ್ಬರ 48 ಗಂಟೆಯಿಂದ ಭಾಗಿಸಿದರೆ ಮೂರೂವರೆ ಜನ. ರಜೆ, ಕಾಯಿಲೆ ಸೇರಿದರೆ ಐವರು. ಈ ಐವರ ಸಂಬಳ ಹೆಚ್ಚಿನ ಹೋಲಿಕೆ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ.

ಪ್ರೈವೇಟ್ ಎಂದರೆ ಸ್ವಂತ ಕಟ್ಟಡವೇ ಆಗಬೇಕೆಂದಿಲ್ಲ. ವೃತ್ತಿಪರ ಡೇಟಾ ಸೆಂಟರಿನಲ್ಲಿ ಜಾಗ ಬಾಡಿಗೆಗೆ ಪಡೆದು, ಸ್ವಂತ ಸರ್ವರುಗಳನ್ನು ಅಲ್ಲಿ ಇಡಬಹುದು. ಬೇಸಿಗೆಯ ತಾಪ, ವಿದ್ಯುತ್ ವ್ಯತ್ಯಯ, ಬೆಂಕಿ ಇವುಗಳ ಚಿಂತೆ ಅವರದಾಗುತ್ತದೆ.

ಪ್ರೈವೇಟ್ ಕ್ಲೌಡಿನ ತಳಪಾಯವಾಗುವ ತಂತ್ರಾಂಶದ ಆಯ್ಕೆಯೂ ಈಗ ಹಿಂದಿನಷ್ಟು ಸರಳವಾಗಿಲ್ಲ. ಬಹುಪಾಲು ಸಂಸ್ಥೆಗಳು ಕಣ್ಣು ಮುಚ್ಚಿ ವಿಎಂವೇರ್ ಬಳಸುತ್ತಿದ್ದವು. 2023ರ ನವೆಂಬರಿನಲ್ಲಿ ಅದನ್ನು ಬ್ರಾಡ್‌ಕಾಮ್ ಕೊಂಡ ಮೇಲೆ ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಹಳೆಯ ದರದಲ್ಲಿ ಮಾಡಿದ ಐದು ವರ್ಷದ ಲೆಕ್ಕಗಳು ಉಲ್ಟಾ ಆದವು. ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್, ನುಟಾನಿಕ್ಸ್, ಹೈಪರ್-ವಿ ಮುಂತಾದ ಪರ್ಯಾಯಗಳಿವೆ. ಓಪನ್‌ಸ್ಟ್ಯಾಕ್ ಶಕ್ತಿಶಾಲಿ, ಉಚಿತ; ಆದರೆ ಅದನ್ನು ಸಾಕಲು ನುರಿತ ತಂಡ ಬೇಕು. ಹತ್ತಿಪ್ಪತ್ತು ಸರ್ವರುಗಳ ಸಂಸ್ಥೆಗೆ ನಾನು ಅದನ್ನು ಸೂಚಿಸುವುದಿಲ್ಲ.

ತದ್ವಿರುದ್ಧ ದಿಕ್ಕಿನ ಪ್ರಯಾಣವೂ ನಡೆದಿದೆ. ಜನರ ಕಡತಗಳನ್ನು ಜಾಲದಲ್ಲಿ ಕೂಡಿಡುವ ಡ್ರಾಪ್‌ಬಾಕ್ಸ್ ಕಂಪನಿ ತನ್ನ ಬಹುಪಾಲು ಸಂಗ್ರಹವನ್ನು ಅಮೆಜಾನ್‌ನಿಂದ ಸ್ವಂತ ಡೇಟಾ ಸೆಂಟರುಗಳಿಗೆ ತಂದು ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿದ್ದನ್ನು ತನ್ನ ಷೇರು ಬಿಡುಗಡೆಯ ದಾಖಲೆಯಲ್ಲೇ ಹೇಳಿಕೊಂಡಿದೆ. ಅವರ ಹೊರೆ ಅಗಾಧ, ಒಂದೇ ಬಗೆಯದು, ಮುನ್ನವೇ ಊಹಿಸಬಲ್ಲದ್ದು. ನಿಮ್ಮದೂ ಹಾಗಿದ್ದರೆ ಮಾತ್ರ ಆ ಉದಾಹರಣೆಯನ್ನು ಸಭೆಯಲ್ಲಿ ಎತ್ತಿ.

ಐದನೆಯ ಹೆಜ್ಜೆ: ಕಾನೂನು ಹಾಕಿದ ಗೆರೆಗಳು

ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಕೂರಿಸಿಕೊಂಡು ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದಾದ ಹೆಜ್ಜೆ ಇದು, ಆದರೆ ಗುತ್ತಿಗೆಗೆ ಸಹಿ ಬೀಳುವ ಮೊದಲೇ ಮುಗಿಯಬೇಕು. ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲೇ ಇರುವ ಸರ್ವರಿನಲ್ಲಿ ಉಳಿಯಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕು, ಅದನ್ನು ಬಂದ್ ಮಾಡುವಂತಿರಬಾರದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು ಯಂತ್ರಗಳಲ್ಲಿ ಯಾವಾಗ ಏನು ನಡೆಯಿತೆಂಬ ಲಾಗ್ ದಾಖಲೆಯನ್ನು 180 ದಿನ ಇಟ್ಟಿರಬೇಕು. ಲಾಗ್‌ಗಳನ್ನು ಇಡುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳೂ ಬಂದಿವೆ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ನೌಕರರ, ರೈತರ, ದಲಾಲರ ವಿವರಗಳನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಮಾಹಿತಿ ಕ್ಲೌಡ್ ಕಂಪನಿಯ ಯಂತ್ರದಲ್ಲಿತ್ತು ಎಂಬ ನೆಪ ನಡೆಯುವುದಿಲ್ಲ, ಹೊಣೆ ನಿಮ್ಮದೇ. ಬ್ಯಾಂಕುಗಳಿಗೆ, ದೊಡ್ಡ ನಗರ ಸಹಕಾರಿ ಬ್ಯಾಂಕುಗಳಿಗೂ ಸೇರಿ, ಐಟಿ ಹೊರಗುತ್ತಿಗೆಯ ಬಗ್ಗೆ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿರ್ದೇಶನಗಳಿವೆ. ಸರ್ಕಾರಿ ಸಂಸ್ಥೆಗಳು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಪಟ್ಟಿಯಲ್ಲಿರುವ ಕ್ಲೌಡ್ ಕಂಪನಿಗಳತ್ತ ನೋಡಬೇಕಾಗುತ್ತದೆ.

ಆರನೆಯ ಹೆಜ್ಜೆ: ತಂತಿ

ಬೆಂಗಳೂರಿನಲ್ಲಿ ಕೂತು ಬರೆದ ಯೋಜನೆಗಳಲ್ಲಿ ಕ್ಲೌಡಿಗೆ ಬೆಸೆಯುವ ಜಾಲಸಂಪರ್ಕಕ್ಕೆ ಅರ್ಧ ಪುಟವೂ ಸಿಗುವುದಿಲ್ಲ. ನಮ್ಮ ಕಡೆ ಇದೇ ಅತ್ಯಂತ ದುರ್ಬಲ ಕೊಂಡಿ.

ಅಮೆಜಾನ್‌ನ ಕ್ಲೌಡ್ ಕೇಂದ್ರಗಳಿರುವುದು ಮುಂಬೈ (2016ರಿಂದ) ಮತ್ತು ಹೈದರಾಬಾದಿನಲ್ಲಿ (2022ರಿಂದ). ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಆರಂಭಿಸಿತು. ಗೂಗಲ್‌ನವು ಮುಂಬೈ ಮತ್ತು ದೆಹಲಿ. ಹುಬ್ಬಳ್ಳಿಯಿಂದ ಯಾವುದೂ ಹತ್ತಿರವಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 600 ಕಿಲೋಮೀಟರ್ ಹೋಗಿ ಬರಲು 6 ಮಿಲಿಸೆಕೆಂಡ್ ಬೇಕು, ಅದೂ ನೇರ ದಾರಿಯಲ್ಲಿ. ನಡುವಿನ ರೂಟರುಗಳನ್ನೂ ಸುತ್ತುಬಳಸಿನ ದಾರಿಯನ್ನೂ ಸೇರಿಸಿ 20 ಎಂದು ಹಿಡಿಯೋಣ. ಮನುಷ್ಯರಿಗೆ ಅದು ಏನೂ ಅಲ್ಲ. ಆದರೆ ಹಳೆಯ ಇಆರ್‌ಪಿಯ ಒಂದು ಪರದೆ ತೆರೆಯಲು ಡೇಟಾಬೇಸಿಗೆ 400 ಸಲ ಹೋಗಿ ಬರುತ್ತದೆ ಎಂದಾದರೆ, ಪರದೆ ಹುಬ್ಬಳ್ಳಿಯ ಕಂಪ್ಯೂಟರಿನಲ್ಲಿ, ಡೇಟಾಬೇಸ್ ಮುಂಬೈಯಲ್ಲಿ ಇದ್ದಾಗ ಒಂದು ಪರದೆಗೆ 8 ಸೆಕೆಂಡ್. ಗೋದಾಮಿನವರು ಮೊದಲ ವಾರವೇ ಬಂಡಾಯ ಏಳುತ್ತಾರೆ. ಪರಿಹಾರ ಸರಳ: ಹೆಚ್ಚು ಮಾತಾಡಿಕೊಳ್ಳುವ ಎರಡು ಭಾಗಗಳನ್ನು ಎಂದೂ ಬೇರೆ ಊರುಗಳಲ್ಲಿ ಇಡಬೇಡಿ. ಹೋಗುವುದಾದರೆ ಎರಡೂ ಹೋಗಲಿ, ಉಳಿಯುವುದಾದರೆ ಎರಡೂ ಉಳಿಯಲಿ. ಎರಡನೆಯ ಹೆಜ್ಜೆಯಲ್ಲಿ ದಾಖಲಿಸಿದ ಸಂಚಾರದ ನಕ್ಷೆ ಈಗ ಕೆಲಸಕ್ಕೆ ಬರುತ್ತದೆ.

ಇನ್ನು ತಂತಿ ಕಡಿತ. ರಸ್ತೆ ಅಗಲೀಕರಣ, ಒಳಚರಂಡಿ, ನೀರಿನ ಪೈಪು, ಏನೇ ಕೆಲಸ ನಡೆದರೂ ಜೆಸಿಬಿ ಮೊದಲು ಕಿತ್ತು ಹಾಕುವುದು ಫೈಬರನ್ನೇ. ಎರಡು ಕಂಪನಿಗಳಿಂದ ಎರಡು ಸಂಪರ್ಕ ಪಡೆದರೆ ಸಾಲದು. ಅವೆರಡೂ ಒಂದೇ ಕಾಲುವೆಯಲ್ಲಿ ಬಂದರೆ ಒಂದೇ ಏಟಿಗೆ ಎರಡೂ ಹೋಗುತ್ತವೆ. ಗುತ್ತಿಗೆಯಲ್ಲಿ ಮಾರ್ಗದ ನಕ್ಷೆ ಕೇಳಿ. ಒಂದು ಬೆಳಗಾವಿ ದಿಕ್ಕಿನಿಂದ, ಇನ್ನೊಂದು ದಾವಣಗೆರೆ ದಿಕ್ಕಿನಿಂದ ಊರು ಪ್ರವೇಶಿಸಬೇಕು, ಕಾರ್ಖಾನೆಯೊಳಗೂ ಬೇರೆ ಗೇಟಿನಿಂದ ಬರಬೇಕು. ಮೂರನೆಯದಾಗಿ ಮೊಬೈಲ್ ಜಾಲ ಅಥವಾ ರೇಡಿಯೊ ಸಂಪರ್ಕ ಇರಲಿ. ಬ್ಯಾಡಗಿಯ ಖರೀದಿ ಕೇಂದ್ರದಂಥ ಕಡೆ ಜಾಲವಿಲ್ಲದಾಗಲೂ ತೂಕವನ್ನು ಸ್ಥಳದಲ್ಲೇ ದಾಖಲಿಸಿ, ಸಂಪರ್ಕ ಬಂದಾಗ ಕಳಿಸುವಂತೆ ತಂತ್ರಾಂಶ ಬದಲಿಸಿ. ಸಾಲಿನಲ್ಲಿ ನಿಂತ ರೈತರಿಗೆ ‘ಸರ್ವರ್ ಡೌನ್’ ಎಂದು ಹೇಳುವ ಸಂಸ್ಥೆಗೆ ಕ್ಲೌಡ್ ಯಾವ ಪ್ರಯೋಜನವನ್ನೂ ಕೊಟ್ಟಿಲ್ಲ.

ಏಳನೆಯ ಹೆಜ್ಜೆ: ಸಾಮಾನು ಸಾಗಿಸುವ ಮೊದಲು ಅಡಿಪಾಯ

ಮೊದಲ ಸರ್ವರ್ ಹೋಗುವ ಮುನ್ನ ಕ್ಲೌಡ್ ಖಾತೆಯ ಚೌಕಟ್ಟು ಸಿದ್ಧವಾಗಬೇಕು. ಉತ್ಪಾದನೆಗೆ, ಪರೀಕ್ಷೆಗೆ, ಬ್ಯಾಕಪ್‌ಗೆ ಬೇರೆ ಬೇರೆ ಖಾತೆಗಳು. ಎಲ್ಲರ ಲಾಗಿನ್ ಸಂಸ್ಥೆಯ ಒಂದೇ ನೌಕರರ ಪಟ್ಟಿಯಿಂದ, ಕಡ್ಡಾಯವಾಗಿ ಎರಡು ಹಂತದ ದೃಢೀಕರಣದೊಂದಿಗೆ. ಮೂಲ ಖಾತೆಯ ಗುಪ್ತಪದ ಯಾರೊಬ್ಬರ ಸ್ವಂತ ಇ-ಮೇಲ್‌ಗೂ ಅಂಟಿಕೊಂಡಿರಬಾರದು. ಪ್ರತಿ ಯಂತ್ರದ ಮೇಲೆ ವಿಭಾಗ, ಹೊಣೆಗಾರರು, ಯೋಜನೆ ಇವುಗಳ ಹಣೆಪಟ್ಟಿ. ತಿಂಗಳ ಬಜೆಟ್ ಅರ್ಧ ದಾಟಿದಾಗಲೇ ಎಚ್ಚರಿಸುವ ಗಂಟೆ. ಖಾತೆ ತೆರೆದ ದಿನವೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ತುಂಬಿಸಿ. ಬಿಲ್ಲಿನ ಮೇಲೆ ಶೇ 18ರಷ್ಟು ತೆರಿಗೆ ಇರುತ್ತದೆ, ಸಂಖ್ಯೆ ಇಲ್ಲದ ಬಿಲ್ಲಿಗೆ ಹೂಡುವಳಿ ತೆರಿಗೆ ಜಮೆ ಸಿಗದು.

ಒಂದು ಸಣ್ಣ ವಿಷಯ ಇಡೀ ವೇಳಾಪಟ್ಟಿಯನ್ನು ಕೆಡಿಸಬಲ್ಲದು. ತಾರಿಹಾಳ, ಗದಗ, ಹಾವೇರಿ, ಮೂರೂ ಕಡೆ ರೂಟರ್ ಜೋಡಿಸಿದವರು ಪೆಟ್ಟಿಗೆಯಲ್ಲಿ ಬಂದಂತೆಯೇ 192.168.1 ಎಂದು ಆರಂಭವಾಗುವ ವಿಳಾಸಗಳನ್ನು ಬಿಟ್ಟಿರುತ್ತಾರೆ. ಪ್ರತ್ಯೇಕವಾಗಿದ್ದಾಗ ತೊಂದರೆಯಿಲ್ಲ. ಎಲ್ಲವನ್ನೂ ಕ್ಲೌಡಿನ ಮೂಲಕ ಬೆಸೆದ ಕೂಡಲೇ ಒಂದೇ ಮನೆ ಸಂಖ್ಯೆಯ ಮೂರು ಮನೆಗಳಾಗುತ್ತವೆ. ವಿಳಾಸಗಳನ್ನು ಮೊದಲೇ ಮರುಹಂಚಿಕೆ ಮಾಡಿ, ಕ್ಲೌಡಿಗೂ ಮುಂದಿನ ಶಾಖೆಗಳಿಗೂ ಜಾಗ ಬಿಟ್ಟು.

ಭದ್ರತೆಯಲ್ಲಿ ಯಾರ ಪಾಲು ಯಾವುದೆಂಬುದೂ ಈಗಲೇ ಬರಹದಲ್ಲಿ ಇರಲಿ. ಕಟ್ಟಡ, ವಿದ್ಯುತ್, ಯಂತ್ರಗಳ ಕಾವಲು ಕ್ಲೌಡ್ ಕಂಪನಿಯದು. ಯಾರಿಗೆ ಯಾವ ಬಾಗಿಲು ತೆರೆದಿದೆ ಎಂಬುದು ನಿಮ್ಮದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ 10 ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿದ್ದು ಬ್ಯಾಂಕೇ ತಪ್ಪಾಗಿ ಜೋಡಿಸಿದ್ದ ಫೈರ್‌ವಾಲ್ (ಒಳಬರುವ ಸಂಚಾರವನ್ನು ಸೋಸುವ ಕಾವಲು ತಂತ್ರಾಂಶ) ಒಂದರಿಂದ.

ಎಂಟನೆಯ ಹೆಜ್ಜೆ: ಸ್ಥಳಾಂತರ, ಮತ್ತು ಅದಕ್ಕೆ ಮುಹೂರ್ತ

ಅಲೆ ಅಲೆಯಾಗಿ ಹೋಗಿ. ಮೊದಲ ಅಲೆಯಲ್ಲಿ ನಿಂತರೂ ಯಾರೂ ಅಳದ ಒಂದೆರಡು ತಂತ್ರಾಂಶಗಳು. ತಂಡ ಕೈ ಪಳಗಿಸಿಕೊಳ್ಳಲಿ. ನಂತರ ಒಂದಕ್ಕೊಂದು ಅಂಟಿಕೊಂಡಿರುವವನ್ನು ಗುಂಪಾಗಿ ಸಾಗಿಸಿ. ಇಆರ್‌ಪಿ ಕೊನೆಗೆ.

ಮಾಹಿತಿ ಸಾಗಿಸಲು ಹಿಡಿಯುವ ಕಾಲವನ್ನು ಕಾಗದದ ಮೇಲೆ ಲೆಕ್ಕ ಹಾಕಿ. 20 ಟೆರಾಬೈಟ್ ಮಾಹಿತಿ 200 ಎಂಬಿಪಿಎಸ್ ಸಂಪರ್ಕದಲ್ಲಿ ಪೂರ್ತಿ ವೇಗದಲ್ಲಿ ಹರಿದರೂ ಒಂಬತ್ತು ದಿನ ಮೀರುತ್ತದೆ. ಹಗಲು ಕಚೇರಿ ಕೆಲಸಕ್ಕೂ ಅದೇ ತಂತಿ ಬೇಕಾದ್ದರಿಂದ ಹದಿನೈದು ದಿನ ಹಿಡಿಯಿರಿ. ಆದ್ದರಿಂದ ಮೊದಲು ದೊಡ್ಡ ಪ್ರತಿ ಕಳಿಸಿ, ಆಮೇಲೆ ಬದಲಾದ ಭಾಗಗಳನ್ನಷ್ಟೇ ನಿರಂತರ ಸರಿಹೊಂದಿಸುತ್ತ, ಕೊನೆಯ ರಾತ್ರಿ ಸಣ್ಣ ವ್ಯತ್ಯಾಸ ಮಾತ್ರ ಉಳಿಯುವಂತೆ ಮಾಡಬೇಕು.

ದಿನದ ಆಯ್ಕೆಯಲ್ಲಿ ವ್ಯವಹಾರದ ಪಂಚಾಂಗವನ್ನು ನೋಡಿ. ತಿಂಗಳ ಮೊದಲ ವಾರ ವೇತನ ಮತ್ತು ಲೆಕ್ಕ ಮುಗಿಸುವ ಗಡಿಬಿಡಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪಟ್ಟಿಗಳ ಸಲ್ಲಿಕೆ. ಉಳಿಯುವುದು 21ರಿಂದ 26ರ ನಡುವಿನ ಶುಕ್ರವಾರ ರಾತ್ರಿಯಿಂದ ಭಾನುವಾರ. ಮೆಣಸಿನಕಾಯಿ ಸಂಸ್ಥೆಗೆ ಜನವರಿಯಿಂದ ಏಪ್ರಿಲ್ ಹತ್ತಿರವೂ ಸುಳಿಯುವಂತಿಲ್ಲ, ಮಾರ್ಚ್ ಅಂತೂ ವರ್ಷಾಂತ್ಯ. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಎಷ್ಟು ಗಂಟೆಯೊಳಗೆ ಕೆಲಸ ಮುಗಿಯದಿದ್ದರೆ ಹಿಂದಿರುಗುವುದು, ಆ ತೀರ್ಮಾನ ಯಾರದು ಎಂಬುದನ್ನು ಮೊದಲೇ ಬರೆದಿಡಿ. ಭಾನುವಾರ ನಡುರಾತ್ರಿಯಲ್ಲಿ, ನಿದ್ದೆಗೆಟ್ಟ ಎಂಜಿನಿಯರುಗಳು ‘ಇನ್ನೊಂದೇ ಗಂಟೆ’ ಎನ್ನುತ್ತ ಸೋಮವಾರದ ಮಾರುಕಟ್ಟೆಗೆ ಕಾಲಿಡಬಾರದು.

ಒಂಬತ್ತನೆಯ ಹೆಜ್ಜೆ: ಬ್ಯಾಕಪ್, ಇನ್ನೊಬ್ಬರ ಬಳಿಯೂ

ಕ್ಲೌಡ್‌ಗೆ ಹೋದ ಮೇಲೆ ಬ್ಯಾಕಪ್ ಬೇಡವೆಂದುಕೊಳ್ಳುವವರು ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯುನಿಸೂಪರ್‌ನ ಕಥೆ ತಿಳಿಯಬೇಕು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನ ಒಂದು ಜೋಡಣಾ ದೋಷದಿಂದ ಅವರ ಒಂದು ಪ್ರೈವೇಟ್ ಕ್ಲೌಡ್ ಅಳಿಸಿಹೋಯಿತು. ಚೇತರಿಸಿಕೊಳ್ಳಲು ನೆರವಾದವುಗಳಲ್ಲಿ ಬೇರೆ ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ಕೂಡ ಇತ್ತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ಹಳೆಯ ಸೂತ್ರಕ್ಕೆ ‘ಒಂದು ಬೇರೆ ಕಂಪನಿಯಲ್ಲಿ’ ಎಂದು ಸೇರಿಸಿಕೊಳ್ಳಿ. ಒಂದು ಪ್ರತಿಯನ್ನು ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕಿ. ಒತ್ತೆಹಣ ಕೇಳುವ ವೈರಸ್‌ಗಳು ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ತಂತ್ರಾಂಶವನ್ನು ನಿಜಕ್ಕೂ ಎಬ್ಬಿಸಿ ನೋಡಿ.

ಸೇವಾ ಖಾತರಿಯ ಬಗ್ಗೆ ಒಂದು ಮಾತು. ಶೇ 99.9 ಎಂದರೆ ವರ್ಷಕ್ಕೆ 8 ಗಂಟೆ 45 ನಿಮಿಷ ನಿಂತರೂ ಖಾತರಿ ಮುರಿದಿಲ್ಲವೆಂದು ಅರ್ಥ. ಮುರಿದರೂ ಸಿಗುವುದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ವಿನಾಯಿತಿ, ನಿಮ್ಮ ನಷ್ಟದ ಪರಿಹಾರವಲ್ಲ.

ಹತ್ತನೆಯ ಹೆಜ್ಜೆ: ಬಿಲ್ಲು ಮತ್ತು ಜನ

ಮೊದಲ ಮೂರು ತಿಂಗಳ ಬಿಲ್ಲು ಅಂದಾಜಿಗಿಂತ ಹೆಚ್ಚೇ ಬರುತ್ತದೆ, ಏಕೆಂದರೆ ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿರುತ್ತವೆ. ಹಣಕಾಸು ಮುಖ್ಯಸ್ಥರಿಗೆ ಇದನ್ನು ಮುಂಚಿತವಾಗಿ ಹೇಳಿ. ಆಮೇಲೆ ಕತ್ತರಿ ಹಿಡಿಯಿರಿ. ಪರೀಕ್ಷಾರ್ಥ ಯಂತ್ರಗಳು ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ ಓಡಿದರೆ ಸಾಕು. 168ರಲ್ಲಿ 72 ಗಂಟೆ, ಅರ್ಧಕ್ಕಿಂತ ಹೆಚ್ಚು ಉಳಿತಾಯ. ಸದಾ ಓಡುವ ಯಂತ್ರಗಳಿಗೆ ಒಂದು ಅಥವಾ ಮೂರು ವರ್ಷದ ಮುಂಗಡ ಒಪ್ಪಂದ ಅಗ್ಗ, ಆದರೆ ಗಾತ್ರ ಸರಿಯಾದ ಮೇಲಷ್ಟೇ ಸಹಿ ಹಾಕಿ. ಮಾಹಿತಿ ಒಳಗೆ ಬರಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಗೆ ಹೋಗಲು ಇದೆ. ಕ್ಲೌಡಿನಿಂದ ಪ್ರತಿದಿನ ಇಡೀ ಡೇಟಾಬೇಸನ್ನು ತಾರಿಹಾಳಕ್ಕೆ ಇಳಿಸಿಕೊಳ್ಳುವ ವರದಿಯೊಂದು ತಿಂಗಳ ಬಿಲ್ಲನ್ನು ಉಬ್ಬಿಸಬಲ್ಲದು.

ಜನರ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಅನುಕೂಲವಿದೆ. ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಐಐಟಿ ಮತ್ತು ಐಐಐಟಿ ಇಲ್ಲೇ ಇವೆ. ಹೊರಗಿನ ಸಲಹೆಗಾರರು ಕಟ್ಟಿಕೊಟ್ಟು ಹೋದದ್ದನ್ನು ಸಾಕಲು ಒಳಗಿನ ನಾಲ್ಕೈದು ಜನ ಮೊದಲ ದಿನದಿಂದಲೇ ಜೊತೆಗಿರಬೇಕು. ಹಳೆಯ ಸರ್ವರ್ ನೋಡಿಕೊಳ್ಳುತ್ತಿದ್ದವರನ್ನು ಬದಿಗೆ ಸರಿಸಬೇಡಿ. ಯಾವ ತಂತ್ರಾಂಶ ಯಾವ ಕಾರಣಕ್ಕೆ ಮುನಿಯುತ್ತದೆ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಕಲಿತವರು ಬೆಂಗಳೂರಿಗೆ ಹೋಗುತ್ತಾರೆಂಬ ಭಯದಿಂದ ಕಲಿಸದೇ ಇರುವ ಸಂಸ್ಥೆಗಳನ್ನು ಕಂಡಿದ್ದೇನೆ. ಅಲ್ಲಿ ಕಲಿಯದವರು ಉಳಿದಿದ್ದಾರೆ.

ಕೊನೆಯ ಹೆಜ್ಜೆ: ಹೊರಬರುವ ದಾರಿ ಮತ್ತು ಹಳೆಯ ಕೋಣೆ

ಪ್ರವೇಶದ ಗುತ್ತಿಗೆಯಲ್ಲೇ ನಿರ್ಗಮನದ ಷರತ್ತು ಬರೆಯಿಸಿ: ಯಾವ ರೂಪದಲ್ಲಿ ಮಾಹಿತಿ ಮರಳಿ ಸಿಗುತ್ತದೆ, ಎಷ್ಟು ದಿನದೊಳಗೆ, ಯಾವ ಶುಲ್ಕಕ್ಕೆ, ಅಳಿಸಿದ್ದಕ್ಕೆ ಏನು ಪುರಾವೆ. ಒಂದೇ ಕ್ಲೌಡ್ ಕಂಪನಿಯಲ್ಲಿ ಮಾತ್ರ ಸಿಗುವ ಸೇವೆಗಳನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಎಲ್ಲಿ ಬಳಸಿದ್ದೀರೆಂಬ ಪಟ್ಟಿ ಮಾತ್ರ ಕೈಯಲ್ಲಿರಲಿ.

ಖಾಲಿಯಾದ ಸರ್ವರುಗಳನ್ನು ಕೂಡಲೇ ಗುಜರಿಗೆ ಹಾಕಬೇಡಿ. ಮೂರು ತಿಂಗಳು ಬಂದ್ ಮಾಡಿ ಇಡಿ; ಒಂದು ತ್ರೈಮಾಸಿಕ ಲೆಕ್ಕ ಮುಗಿಯುವಷ್ಟರಲ್ಲಿ ಮರೆತುಹೋಗಿದ್ದ ತಂತ್ರಾಂಶವೊಂದನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ. ಆಮೇಲೆ ಡಿಸ್ಕುಗಳನ್ನು ಪೂರ್ತಿ ಅಳಿಸಿ ಅಥವಾ ಪುಡಿ ಮಾಡಿಸಿ, ಪ್ರಮಾಣಪತ್ರ ಪಡೆದು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಕೊಡಿ. ವಾರ್ಷಿಕ ನಿರ್ವಹಣಾ ಒಪ್ಪಂದ, ಹಳೆಯ ಪರವಾನಗಿಗಳ ನವೀಕರಣ, ಸರ್ವರ್ ಕೋಣೆಯ ವಿಮೆ, ಬಳಕೆಯಿಲ್ಲದ ಲೀಸ್ ಲೈನ್ ಇವನ್ನು ಒಂದೊಂದಾಗಿ ಲಿಖಿತ ಪತ್ರ ಕೊಟ್ಟು ನಿಲ್ಲಿಸಿ. ಇವು ತಾವಾಗಿಯೇ ನಿಲ್ಲುವುದಿಲ್ಲ. ಇಲ್ಲದ ಯಂತ್ರಗಳಿಗೆ ಬಿಲ್ಲುಗಳು ಮುಂದಿನ ಏಪ್ರಿಲ್‌ನಲ್ಲೂ ಬರುತ್ತವೆ, ಮತ್ತು ಯಾರೋ ಸಹಿ ಹಾಕಿ ಪಾವತಿಗೆ ಕಳಿಸುತ್ತಾರೆ.